ಅಡ್ಡಗೆರೆ ಇಲ್ಲದ ಏಳು

ಬೆಳಿಗ್ಗೆ ಎದ್ದವಳೇ ಅವಳು ಬಲಗೈ ಹೆಬ್ಬೆರಳಿನ ಉಗುರನ್ನು ಕತ್ತರಿಸಿ ಹಾಕಿದಳು. ಉಳಿದ ಒಂಬತ್ತು ಉಗುರುಗಳನ್ನು ಹಾಗೇ ಬಿಟ್ಟಳು. ಆ ಉಗುರಿನ ಸಂದಿಯಲ್ಲಿ ಏನೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಸಾಬೂನು, ಸ್ಪಿರಿಟ್ಟು ಹಾಕಿ ಕೈ ತೊಳೆಯುವ ಕೆಲಸ ಅವಳದು, ಎರಡು ತಿಂಗಳ ಹಿಂದಿನ ಟೇಪಿನ ಅಂಟು ಇನ್ನೂ ಎಲ್ಲಿಂದ ಉಳಿದಿರಬೇಕು? ಆದರೂ ನಿನ್ನೆ ಸಂಜೆಯಿಂದ ಆ ಬೆರಳ ತುದಿ ಜಿಗುಟಾಗಿದೆ ಅನ್ನಿಸುತ್ತಲೇ ಇತ್ತು. ಬಸ್ಸಿನ ಕಂಬಿ ಹಿಡಿದಾಗ, ತಟ್ಟೆ ತೊಳೆದಾಗ, ದಿಂಬಿನ ಕೆಳಗೆ ಕೈಯಿಟ್ಟು ಮಲಗಿದಾಗಲೂ. ಇವತ್ತು ಹನ್ನೊಂದು ಗಂಟೆಗೆ ಲ್ಯಾಬಿನಲ್ಲಿ ಮೇಡಂ ಎಲ್ಲರ ಮುಂದೆ ಲಕೋಟೆ ಒಡೆಯುತ್ತಾರೆ. ಒಡೆದರೆ ಒಳಗೆ ಏನಿರುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿರಬಾರದಿತ್ತು.

ಇಪ್ಪತ್ತು ಇಲಿಗಳು. ಎಲ್ಲಕ್ಕೂ ಮರೆವು ಬರಿಸುವ ಚುಚ್ಚುಮದ್ದು ಒಂದೇ. ಆಮೇಲೆ ಒಂದರಿಂದ ಹತ್ತರವರೆಗಿನವಕ್ಕೆ ಬರೀ ನೀರು, ಹನ್ನೊಂದರಿಂದ ಇಪ್ಪತ್ತರವರೆಗಿನವಕ್ಕೆ ಒಂದು ಗಿಡದ ಬೇರಿನ ರಸ. ಆರು ವಾರ ದಿನಾ ಬೆಳಿಗ್ಗೆ ಬಾಗಿದ ಸೂಜಿಯಿಂದ ಒಂದೊಂದರ ಗಂಟಲಿಗೂ ಅವಳೇ ಕುಡಿಸಿದ್ದಳು. ಕೊನೆಗೆ ಮಿದುಳು ತೆಗೆದು, ಎಣ್ಣೆಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲಿಟ್ಟು ನೇರಳೆ ಬಣ್ಣ ಹಾಕಿ, ಬದುಕಿರುವ ಜೀವಕೋಶ ಎಷ್ಟು ಎಂದು ಮೈಕ್ರೋಸ್ಕೋಪಿನಲ್ಲಿ ಎಣಿಸುವುದು. ರಸ ಕುಡಿದವುಗಳಲ್ಲಿ ಹೆಚ್ಚು ಬದುಕಿದ್ದರೆ ಬೇರಿನಲ್ಲಿ ಏನೋ ಇದೆ ಎಂದು ಲೆಕ್ಕ. ಎಣಿಸುವವರಿಗೆ ಮಾತ್ರ ಯಾವ ಸ್ಲೈಡು ಯಾವ ಇಲಿಯದು ಎಂದು ಗೊತ್ತಿರಕೂಡದು. ಅದಕ್ಕೆ ಲ್ಯಾಬಿನ ಅಟೆಂಡರ್, ಸ್ಲೈಡಿನ ತುದಿಯಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಇಲಿಯ ನಂಬರಿನ ಮೇಲೆ ಬಿಳಿ ಟೇಪು ಅಂಟಿಸಿ, ಟೇಪಿನ ಮೇಲೆ ಒಂದೊಂದು ಅಕ್ಷರ ಬರೆಯುತ್ತಾನೆ. ಕ ದಿಂದ ನ ವರೆಗೆ, ಸರಿಯಾಗಿ ಇಪ್ಪತ್ತು. ಯಾವ ಅಕ್ಷರ ಯಾವ ಇಲಿ ಎಂಬ ಪಟ್ಟಿಯನ್ನು ಲಕೋಟೆಗೆ ಹಾಕಿ, ಬಾಯಿಗೆ ಮೇಡಂ ಸಹಿ ಮಾಡಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಟೇಪು ಅಂಟಿಸಿ ಅಂಟಿಸಿ ಆ ಅಟೆಂಡರಿಗೆ ಟೇಪಣ್ಣ ಎಂದೇ ಹೆಸರಾಗಿತ್ತು, ಸಂಬಳದ ಚೀಟಿಯ ಮೇಲಿನ ಹೆಸರು ಯಾರಿಗೂ ನೆನಪಿರಲಿಲ್ಲ. ಎಣಿಸಲು ಕೂತ ಮೊದಲ ದಿನ ಕ ಸ್ಲೈಡಿನ ಟೇಪು ಒಂದು ಮೂಲೆಯಲ್ಲಿ ತಾನಾಗಿಯೇ ಎದ್ದಿತ್ತು. ಒತ್ತಿ ಕೂರಿಸಲು ಹೋದಳು. ಹೆಬ್ಬೆರಳಿನ ಉಗುರು ಕೆಳಗೆ ಹೋಯಿತು. ಹದಿನೇಳು. ರಸ ಕುಡಿದ ಇಲಿ. ಟೇಪನ್ನು ಹಾಗೇ ಮುಚ್ಚಿ, ಎದ್ದು ಹೋಗಿ ನೀರು ಕುಡಿದು ಬಂದಳು. ಒಂದೇ ಒಂದು, ಅದೂ ಬೇಕೆಂದು ಅಲ್ಲ, ಎಂದು ಎರಡು ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹೊರಗೆ ಬಂದಾಗ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಕೆಳಗಿನ ಸಾಲಿನಿಂದ ಮೇಲಕ್ಕೆ, ಒಂದೊಂದು ಸಾಲಿನಲ್ಲೂ ಕೊನೆಯ ಪದದಿಂದ ಮೊದಲ ಪದಕ್ಕೆ ಬೆರಳು ಸರಿಯುತ್ತಿತ್ತು. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ನೆಟ್ಟಗೆ ಓದಿದರೆ ಅರ್ಥ ಬರುತ್ತದೆ, ಅರ್ಥ ಬಂತೆಂದರೆ ತಪ್ಪು ಕಣ್ತಪ್ಪಿಸಿಕೊಂಡು ಹೋಗುತ್ತದೆ, ಅದಕ್ಕೇ ಹಿಂದಿನಿಂದ ಓದಬೇಕು ಎಂದು ಅವಳಿಗೆ ಚಿಕ್ಕಂದಿನಲ್ಲಿ ಹೇಳಿಕೊಡುತ್ತಿದ್ದರು. ಅವಳ ಏಳಕ್ಕೆ ನಡುವೆ ಅಡ್ಡಗೆರೆ ಎಳೆಯಲು ಕಲಿಸಿದ್ದೂ ಅವರೇ, ಒಂದೂ ಏಳೂ ಒಂದೇ ಥರ ಕಂಡು ಯಾವುದೋ ಪಂಚಾಂಗದ ಇಡೀ ಪುಟ ಕೆಟ್ಟಿತ್ತಂತೆ. ಈಗ ಮನೆಯ ನಂಬರು ಮರೆತಿದ್ದಾರೆ, ಊಟವಾಯಿತೋ ಇಲ್ಲವೋ ಮರೆಯುತ್ತಾರೆ, ಹಿಂದಿನಿಂದ ಓದುವುದನ್ನು ಮಾತ್ರ ಮರೆತಿಲ್ಲ. ಪೆನ್ಸಿಲಿನಲ್ಲಿ ಒಂದು ಕೊಂಬಿಗೆ ಸುತ್ತು ಹಾಕಿ ತಲೆ ಎತ್ತಿದರು.

"ಅಕ್ಕ, ಹೊರಟ್ಯಾ?"

"ಅಕ್ಕ ಅಲ್ಲ ಅಪ್ಪ, ನಾನು."

"ಗೊತ್ತು, ಗೊತ್ತು," ಎಂದು ನಕ್ಕರು. ಗೊತ್ತಿಲ್ಲದಾಗಲೆಲ್ಲ ಹೀಗೇ ಎರಡು ಸಲ ಹೇಳುತ್ತಿದ್ದರು. "ನಿನ್ನ ಇಲಿಗಳಿಗೆ ನೆನಪು ಬಂತಾ?"

ಇದೊಂದು ಮಾತ್ರ ಅವರ ತಲೆಯಿಂದ ಹೋಗಿರಲಿಲ್ಲ. ಮಗಳನ್ನು ತಮ್ಮ ತೀರಿಹೋದ ಅಕ್ಕ ಎಂದುಕೊಂಡಾಗಲೂ ಇಲಿಗಳ ವಿಷಯ ಕೇಳುತ್ತಿದ್ದರು. ಎರಡು ತಿಂಗಳ ಹಿಂದೆ ಒಂದು ಸಂಜೆ, ಕ ಸ್ಲೈಡಿನಲ್ಲಿ ನೂರ ನಲವತ್ತಾರು ಎಣಿಸಿ ಬಂದ ದಿನ, ಬಂತಪ್ಪ ಎಂದುಬಿಟ್ಟಿದ್ದಳು. ಅವರ ಮುಖ ಅರಳಿದ್ದು ನೋಡಿ ಅಡುಗೆಮನೆಗೆ ಹೋಗಿ ನಿಂತಿದ್ದಳು. ಆಮೇಲೆ ಅವರು ಅದನ್ನೂ ಮರೆತು ಮತ್ತೆ ಕೇಳತೊಡಗಿದಾಗ ಒಂದು ಥರ ಸಮಾಧಾನವೇ ಆಗಿತ್ತು. "ಇವತ್ತು ಗೊತ್ತಾಗುತ್ತೆ," ಎಂದಳು. ಒಳಗಿನಿಂದ ಅಮ್ಮ, "ಇವತ್ತಾದ್ರೂ ಇಸ್ತ್ರಿ ಮಾಡಿದ್ದು ಹಾಕ್ಕೊಂಡು ಹೋಗ್ಬಾರ್ದಾ, ನಾಲ್ಕು ಜನದ ಮುಂದೆ ನಿಲ್ಲೋಳು," ಎಂದು ಗೊಣಗಿದಳು. ಅಮ್ಮನ ಪಾಲಿಗೆ ಇವತ್ತು ಮಗಳ ಪರೀಕ್ಷೆಯ ಫಲಿತಾಂಶ. ಬೇರಿನಲ್ಲಿ ಏನೋ ಇದೆ ಎಂದು ಸಾಬೀತಾದರೆ ಆ ಬೇರನ್ನು ನಾಳೆಯೇ ಕುದಿಸಿ ಗಂಡನಿಗೆ ಕುಡಿಸಬಹುದು ಎಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಗಿಡದ ಹೆಸರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಳು.

ಬಸ್ಸು ತುಂಬಿತ್ತು. ಬಾಗಿಲಲ್ಲಿ ಒಬ್ಬ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ ಇಟ್ಟು ನೇತಾಡುತ್ತಿದ್ದ. ಅವನು ಒಳಗೋ ಹೊರಗೋ ಎಂದು ಯೋಚಿಸುತ್ತಿದ್ದೇನೆಂದು ಅವಳಿಗೆ ತುಸು ಹೊತ್ತಿನ ಮೇಲೆ ತಿಳಿಯಿತು. ಎಣಿಸುವುದಕ್ಕೆ ನಿಯಮವಿತ್ತು. ಮೈಕ್ರೋಸ್ಕೋಪಿನ ಚೌಕದ ಮೇಲಿನ ಗೆರೆ, ಎಡಗಡೆ ಗೆರೆ ಮುಟ್ಟಿದ ಕೋಶ ಲೆಕ್ಕಕ್ಕುಂಟು, ಕೆಳಗಿನದು, ಬಲಗಡೆಯದು ಮುಟ್ಟಿದರೆ ಇಲ್ಲ. ಬದುಕಿದ ಕೋಶ ದುಂಡಗೆ, ನಡುವೆ ತಿಳಿಯಾಗಿ ಕಾಣುತ್ತದೆ. ಸತ್ತದ್ದು ಮುದುಡಿ ಕಪ್ಪಾಗಿರುತ್ತದೆ. ಪುಸ್ತಕದಲ್ಲಿ ಅಷ್ಟೇ. ಆದರೆ ಪ್ರತಿ ಚೌಕದಲ್ಲೂ ನಾಲ್ಕೈದು ಪೂರಾ ದುಂಡಗೂ ಇರುವುದಿಲ್ಲ, ಪೂರಾ ಮುದುಡಿಯೂ ಇರುವುದಿಲ್ಲ. ಅನುಮಾನದವು. ಅವಳು ಒಂದೇ ಒಂದು ಸುಳ್ಳು ನಂಬರು ಬರೆದಿರಲಿಲ್ಲ, ಈ ಮಾತನ್ನು ಯಾರ ತಲೆಯ ಮೇಲೆ ಕೈಯಿಟ್ಟು ಬೇಕಾದರೂ ಹೇಳಬಲ್ಲಳು. ಕಣ್ಣಿಗೆ ಕಂಡದ್ದನ್ನೇ ಕೈಯಲ್ಲಿನ ಕ್ಲಿಕ್ಕರು ಒತ್ತಿ ಎಣಿಸಿದ್ದಳು. ರಸ ಕುಡಿದ ಇಲಿ ಎಂದು ಗೊತ್ತಿದ್ದ ಸ್ಲೈಡಿನಲ್ಲಿ ಅನುಮಾನದವು ಸ್ವಲ್ಪ ದುಂಡಗೆ ಕಾಣುತ್ತಿದ್ದವು, ಅಷ್ಟೇ. ನೀರಿನ ಇಲಿಯದರಲ್ಲಿ ಸ್ವಲ್ಪ ಮುದುಡಿ ಕಾಣುತ್ತಿದ್ದವು. ಕ ಒಂದನ್ನು ನೋಡಿದ ಮೇಲೆ, ಒಂದನ್ನು ಮಾತ್ರ ನೋಡುವುದು ಇನ್ನೂ ತಪ್ಪು, ಹೋಲಿಸಿ ನೋಡಲು ಒಂದು ನೀರಿನದಾದರೂ ಗೊತ್ತಿರಬೇಕು ಎಂದು ಗ ವನ್ನೂ ಎತ್ತಿದ್ದಳು. ಮೂರು. ಆಮೇಲೆ ಇನ್ನೆರಡು. ನಾಲ್ಕೈದು ಇರಬಹುದು, ಅಷ್ಟರ ಮೇಲಿಲ್ಲ. ಹಿಂದಿನಿಂದ ಯಾರೋ ತಳ್ಳಿದರು, "ಇಳೀತೀರೇನ್ರಿ, ಇಲ್ಲ ಇಲ್ಲೇ ಮನೆ ಮಾಡ್ತೀರಾ?" ನಿಲ್ದಾಣ ಬಂದಿತ್ತು.

ವಿಭಾಗದ ಲಿಫ್ಟು ಕೆಟ್ಟು ವರ್ಷವಾಗಿತ್ತು. ಅದರೊಳಗೆ ಮುರಿದ ಕುರ್ಚಿಗಳನ್ನು ಒಟ್ಟಿ, ಕೆಟ್ಟಿದೆ ಎಂಬ ಬೋರ್ಡನ್ನು ಕುರ್ಚಿಗೇ ತೂಗುಹಾಕಿದ್ದರು. ನಾಲ್ಕನೇ ಮಹಡಿಗೆ ಹತ್ತುವಾಗ ಎರಡನೆಯದರಲ್ಲಿ ಫಾರ್ಮಲಿನ್ ವಾಸನೆ, ಮೂರನೆಯದರಲ್ಲಿ ಇಲಿಮನೆಯ ಒದ್ದೆ ಹೊಟ್ಟಿನ ವಾಸನೆ. ಮೊದಲ ವರ್ಷ ಇದೇ ವಾಸನೆಗೆ ಊಟ ಬಿಟ್ಟಿದ್ದಳು, ಈಗ ಮನೆಗೆ ಬಂದಂತೆ ಆಗುತ್ತದೆ. ಲ್ಯಾಬಿನಲ್ಲಿ ಎಲ್ಲರಿಗೂ ಅವರವರ ಪ್ರಾಣಿಯೇ ಹೆಸರು. ಮೀನಿನವನು ತೊಟ್ಟಿಗೆ ಪುಡಿ ಹಾಕುತ್ತಿದ್ದ, ನೊಣದವಳು ಸೀಸೆಗೆ ಹತ್ತಿ ತುರುಕುತ್ತಿದ್ದಳು. "ಬಂದಳಪ್ಪ ಇಲಿಯವಳು," ಎಂದ ಮೀನಿನವನು. "ಇವತ್ತು ನಿನ್ನ ಮದುವೆ ದಿಬ್ಬಣ ಇದ್ದಂಗಿದೆ, ಮೇಡಂ ಬೆಳಿಗ್ಗೆ ಏಳಕ್ಕೇ ಬಂದ್ಬಿಟ್ಟಿದಾರೆ." ಅವಳು ನಕ್ಕಳು. ನಗುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು.

ಹನ್ನೊಂದಕ್ಕೆ ಮೇಡಂ ಕೋಣೆಯಲ್ಲಿ ಮೂರು ಕುರ್ಚಿಯಲ್ಲಿ ಮೂವರು, ಬಾಗಿಲ ಪಕ್ಕ ಟೇಪಣ್ಣ ನಿಂತುಕೊಂಡೇ. ಅವನು ಎಂದೂ ಕೂರುವವನಲ್ಲ. ಗೋಡೆಯ ಮೇಲೆ ಪರದೆ, ಪರದೆಯ ಮೇಲೆ ಅವಳ ಎಣಿಕೆಗಳು, ಅಕ್ಷರದ ಎದುರು ಸಂಖ್ಯೆ. ಮೇಡಂ ಲಕೋಟೆಯ ಬಾಯಿಯನ್ನು ಎಲ್ಲರಿಗೂ ತೋರಿಸಿ, ತಮ್ಮ ಸಹಿಯ ನಡುವೆಯೇ ಸೀಳಿದರು. ಪಟ್ಟಿಯನ್ನು ಅವರು ಓದುವುದು, ಅವಳು ಕಂಪ್ಯೂಟರಿಗೆ ಹಾಕುವುದು.

"ಕ, ನಾಲ್ಕು."

ಕೀಲಿಯ ಮೇಲೆ ಬೆರಳು ನಿಂತಿತು. ಕ ಹದಿನೇಳಲ್ಲವೇ? "ಹಾಕಮ್ಮ," ಎಂದರು ಮೇಡಂ. ನಾಲ್ಕು ಹಾಕಿದಳು. ಖ, ಹನ್ನೆರಡು. ಅದು ಸರಿಯಿತ್ತು. ಗ, ಹತ್ತೊಂಬತ್ತು. ಗ ಮೂರು, ನೀರಿನದು, ಕಣ್ಣಾರೆ ಕಂಡಿದ್ದಳು. ಅಥವಾ ಕಂಡದ್ದು ಘ ವನ್ನೇ? ಬರೆದಿಟ್ಟುಕೊಂಡರೆ ಅದು ಮೋಸ ಎಂದು ಬರೆದಿರಲಿಲ್ಲ, ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಆ ನೆನಪು ಈಗ ಒಂದೊಂದೇ ಅಕ್ಷರಕ್ಕೆ ಕೈಕೊಡುತ್ತಿತ್ತು. ಅಪ್ಪನಿಗೂ ಹೀಗೇ ಶುರುವಾಗಿತ್ತು, ಬೀದಿಯ ಮೂಲೆಯ ಔಷಧಿ ಅಂಗಡಿ ಎಡಕ್ಕೋ ಬಲಕ್ಕೋ ಎಂದು. ಆಮೇಲೆ ಗೊತ್ತು, ಗೊತ್ತು ಎಂದು ನಗುವುದು. ತಾನೂ ಹಾಗೆ ನಗುತ್ತಿದ್ದೇನೆಯೇ ಎಂದು ಅವಳು ತುಟಿಯನ್ನು ಮುಟ್ಟಿ ನೋಡಿಕೊಂಡಳು. ಮೇಡಂ ಙ ಎಂದು ಓದಲು ಮೂಗಿನಲ್ಲಿ ಒದ್ದಾಡಿದಾಗ ಮೀನಿನವನು, "ಪಾಪ, ಅದನ್ನ ಹೆಸರು ಹಿಡಿದು ಕೂಗೋಕೂ ಆಗಲ್ಲ," ಎಂದ, ಎಲ್ಲರೂ ನಕ್ಕರು. ಇಪ್ಪತ್ತೂ ಮುಗಿಯಿತು. ಪರದೆಯ ಮೇಲೆ ಎರಡು ಕಂಬ ಎದ್ದು ನಿಂತವು. ನೀರಿನವು ಸರಾಸರಿ ನೂರ ಹದಿಮೂರು, ರಸದವು ನೂರ ಹದಿನೈದು. ಕಂಬಗಳ ತಲೆಯ ಮೇಲೆ ಅಡ್ಡ ಹಲಗೆ ಹಾಸಿ ಲೋಟ ಇಟ್ಟರೆ ಒಳಗಿನ ನೀರು ಅಲುಗದಷ್ಟು ಸಮ.

ಮೇಡಂ ತಲೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಪರದೆಯ ಹತ್ತಿರ ಹೋದರು. "ಒಂದೇ ಗುಂಪಲ್ಲಿ ಒಂದು ಎಂಬತ್ತು, ಇನ್ನೊಂದು ನೂರ ನಲವತ್ತಾರು. ಏನಿದು?" ಬಾಗಿಲ ಕಡೆ ತಿರುಗಿದರು. "ಟೇಪಣ್ಣ, ಪಟ್ಟಿ ಏನಾದ್ರೂ ಅದಲು ಬದಲು ಆಗಿದೆಯಾ?"

"ಇಲ್ಲ ಮೇಡಂ. ಪಟ್ಟಿ ಸರಿ ಇದೆ."

"ನಿನಗೆ ಹಾಗನ್ಸುತ್ತಾ?" ಎಂದು ಅವಳನ್ನು ಕೇಳಿದರು.

ಟೇಪಣ್ಣ ಅವಳನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಇಲ್ಲ ಎಂದು ಹೇಳಬೇಕೆಂದೇ ಅವಳು ಬಾಯಿ ತೆರೆದಳು. "ಗೊತ್ತಿಲ್ಲ ಮೇಡಂ. ಆಗಿದ್ರೂ ಆಗಿರ್ಬಹುದು."

"ಕನ್ನಡಕ ಬದಲಾಯಿಸ್ರಿ ಟೇಪಣ್ಣ, ವಯಸ್ಸಾಯ್ತು," ಎಂದರು ಮೇಡಂ, ಸಿಟ್ಟಿಲ್ಲದೆ. ನೊಣದವಳು ಕಿಸಕ್ಕೆಂದಳು. ಟೇಪಣ್ಣನೂ ನಕ್ಕ, ನಗಬೇಕಾದಾಗ ನಗುವ ಇಪ್ಪತ್ತೆಂಟು ವರ್ಷದ ಅಭ್ಯಾಸದಿಂದ. ಅವಳಿಗೆ ನೆಲ ನೋಡುವಂತಾಯಿತು. ಆ ಮನುಷ್ಯ ಆರು ವಾರ ದಿನಾ ಬೆಳಿಗ್ಗೆ ಅವಳಿಗಾಗಿ ಇಲಿ ಹಿಡಿದುಕೊಂಡಿದ್ದ, ಒಂದು ದಿನ ಅವಳ ಕೈ ನಡುಗಿದಾಗ, ಇಲಿಗೆ ಗೊತ್ತಾಗಿಬಿಡುತ್ತಮ್ಮ, ಉಸಿರು ಬಿಟ್ಟು ಸೂಜಿ ಹಾಕಿ, ಎಂದು ಹೇಳಿಕೊಟ್ಟಿದ್ದ. ಮೇಡಂ ಅಷ್ಟರಲ್ಲಿ ತಮ್ಮ ಕುರ್ಚಿಗೆ ಬಂದು ಕೂತಿದ್ದರು. ಮುಖ ಇಳಿದಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಇರ್ಲಿ. ಜೀವ ಇರೋ ಪ್ರಾಣಿ, ಏರುಪೇರು ಇರುತ್ತೆ. ಒಂದ್ ಮಾತು ಹೇಳ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಈ ಬೇರಲ್ಲಿ ಏನೋ ಇದೆ ಅಂತ ಐದು ವರ್ಷದಿಂದ ಬಡ್ಕೊಳ್ತಾ ಇದೀನಿ. ಇವಳಿಗೂ ಅದು ಗೊತ್ತು. ನನ್ನ ಖುಷಿಪಡಿಸ್ಬೇಕು ಅಂತಿದ್ದಿದ್ರೆ ಅಲ್ಲೊಂದು ಇಲ್ಲೊಂದು ಹೆಚ್ಚು ಕಮ್ಮಿ ಮಾಡಿದ್ರೆ ಸಾಕಿತ್ತು. ಮಾಡಿಲ್ಲ. ಇಲ್ಲ ಅಂದ್ರೆ ಇಲ್ಲ ಅಂತ ತಂದು ಮುಂದೆ ಇಟ್ಟಿದಾಳೆ. ನನಗೆ ಇಂಥ ಕಣ್ಣು ಬೇಕು." ಮೀನಿನವನು ಚಪ್ಪಾಳೆ ತಟ್ಟಿದ. ನೊಣದವಳೂ ತಟ್ಟಿದಳು. ಟೇಪಣ್ಣ ಎರಡು ಸಲ ತಟ್ಟಿ ಬಾಗಿಲು ತೆರೆದು ಹಿಡಿದ. "ಆ ಸ್ಲೈಡೆಲ್ಲ ಇನ್ನು ಯಾಕೆ, ಡಬ್ಬಿ ಬೇರೆಯವರಿಗೆ ಬೇಕು. ಸೋಮವಾರ ಬಿಸಾಕಿಬಿಡು," ಎಂದರು ಮೇಡಂ.

ಎಲ್ಲರೂ ಚಹಾ ಕುಡಿಯಲು ಇಳಿದು ಹೋದ ಮೇಲೆ ಅವಳು ಸ್ಲೈಡಿನ ಡಬ್ಬಿ ತೆರೆದಳು. ತನಗೆ ಮರೆವು ಶುರುವಾಗಿದೆಯೋ ಇಲ್ಲವೋ ಎಂಬುದೊಂದೇ ಆಗ ಅವಳಿಗೆ ಬೇಕಾಗಿತ್ತು. ಕ ತೆಗೆದು ಟೇಪು ಎತ್ತಲು ನೋಡಿದರೆ ಉಗುರಿಲ್ಲ. ಚಿಮಟಿಗೆಯಲ್ಲಿ ಎತ್ತಿದಳು. ಹದಿನೇಳು. ಗ, ಮೂರು. ತಲೆ ಸರಿಯಾಗಿಯೇ ಇತ್ತು. ಒಂದು ಕ್ಷಣ ಹಾಯೆನಿಸಿತು, ಅದರ ಬೆನ್ನಿಗೇ ಟೇಪಣ್ಣನ ಮೇಲೆ ಸಿಟ್ಟು ಬಂತು. ಹಾಗಿದ್ದರೆ ಪಟ್ಟಿಯೇ ತಪ್ಪು. ಮುದುಕ ನಿಜವಾಗಿಯೂ ಎಡವಟ್ಟು ಮಾಡಿದ್ದಾನೆ. ಬೇರಿನಲ್ಲಿ ಏನೋ ಇದೆ, ಇವನ ಕಣ್ಣು ಮಂಜಾಗಿ ಎಲ್ಲ ಹಾಳಾಯಿತು. ಓಡಿ ಹೋಗಿ ಮೇಡಂಗೆ ತೋರಿಸಬೇಕು ಎಂದು ಎದ್ದೇ ಬಿಟ್ಟಳು. ಟೇಪು ಎತ್ತಿದ್ದು ಈಗ, ಲಕೋಟೆ ಒಡೆದ ಮೇಲೆ, ಅದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಹೇಗೂ ನಿವೃತ್ತಿಗೆ ಎರಡು ವರ್ಷ, ಎರಡು ಮಾತು ಬೈಸಿಕೊಳ್ಳುತ್ತಾನೆ. ಬಾಗಿಲವರೆಗೆ ಸ್ಲೈಡು ಹಿಡಿದುಕೊಂಡೇ ಹೋದಳು. ಕಿಟಕಿಯ ಬೆಳಕು ಗಾಜಿನ ಮೇಲೆ ಬಿತ್ತು. ಆಗ ಅವಳಿಗೆ ಆ ಏಳು ಕಂಡಿತು. ಅದರ ನಡುವೆ ಅಡ್ಡಗೆರೆ ಇರಲಿಲ್ಲ. ಏಳನೇ ವಯಸ್ಸಿನಿಂದ ಅವಳು ಅಡ್ಡಗೆರೆ ಇಲ್ಲದ ಏಳು ಬರೆದವಳಲ್ಲ. ಎರಡು ತಿಂಗಳ ಹಿಂದೆ ಇದೇ ಏಳನ್ನು ನೋಡಿದ್ದಳು, ರಸ ಕುಡಿದದ್ದು ಎಂಬ ಅರ್ಥ ಬಂದಿತ್ತು, ಮುಂದೆ ಹೋಗಿದ್ದಳು. ಅಪ್ಪನಾಗಿದ್ದರೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ಅವಳು ಇಲಿಮನೆಗೆ ಇಳಿದಳು.

ಟೇಪಣ್ಣ ನೀರಿನ ಸೀಸೆಗಳನ್ನು ಬ್ರಷ್ಷು ಹಾಕಿ ತೊಳೆಯುತ್ತಿದ್ದ. ಹೊಸ ಇಲಿಗಳು ಬಂದಿದ್ದವು, ಹೊಟ್ಟಿನಲ್ಲಿ ಸರಸರ ಸದ್ದು.

"ಅಣ್ಣ, ಕ ಯಾವ ಇಲಿ?"

"ಓದಿದ್ರಲ್ಲಮ್ಮ ಮೇಡಂ. ನಾಲ್ಕು."

"ಟೇಪಿನ ಕೆಳಗೆ ಹದಿನೇಳು ಅಂತಿದೆ."

ಅವನು ಸೀಸೆಯನ್ನು ಬೋರಲು ಹಾಕಿದ. ಇನ್ನೊಂದು ತೆಗೆದುಕೊಂಡ. "ಆ ಪೆನ್ಸಿಲು ನಂದು," ಎಂದ. ನಲ್ಲಿ ನಿಲ್ಲಿಸಿದ. "ಹಳೇ ಪ್ರೊಫೆಸರು ಹೇಳ್ಕೊಟ್ಟಿದ್ದು. ಬಾಗಿಲು ಅಂತ ಇದ್ಮೇಲೆ ಯಾರಾದ್ರೂ ಒಬ್ರು ತೆಗೆದು ನೋಡೇ ನೋಡ್ತಾರೆ ಕಣಯ್ಯ, ಒಳಗೆ ಇನ್ನೊಂದು ಗೋಡೆ ಇಡು ಅಂತಿದ್ರು. ರಬ್ಬರಲ್ಲಿ ಅಳಿಸಿ ಬೇರೆ ನಂಬರು ಹಾಕ್ತೀನಿ. ನೀರಿನವು ಐದಕ್ಕೆ ಔಷಧಿದು, ಔಷಧಿವು ಐದಕ್ಕೆ ನೀರಿಂದು. ಉಳಿದಿದ್ದು ಹಾಗೇ. ನಿಜವಾದದ್ದು ಲಕೋಟೆಲಿರುತ್ತೆ. ಎಲ್ಲ ಮುಗಿದ್ಮೇಲೆ ಮತ್ತೆ ಅಳಿಸಿ ಸರಿ ಬರೆದಿಡ್ತೀನಿ. ಯಾರಿಗೂ ಹೇಳ್ಬೇಡ ಅಂದಿದ್ರು, ಹೇಳಿಲ್ಲ. ಈ ಮೇಡಂಗೂ ಗೊತ್ತಿಲ್ಲ."

"ಮತ್ತೆ ಮೇಲೆ ಯಾಕೆ ಸುಮ್ನಿದ್ರಿ? ನಾನು ನಿಮ್ಮ ಮೇಲೆ ಹಾಕ್ದೆ."

"ಕ ನಾಲ್ಕು ಅಂದಾಗ ನಿಮ್ಮ ಬೆರಳು ನಿಂತಿತಲ್ಲ, ನನಗೆ ಆಗ್ಲೇ ಗೊತ್ತಾಯ್ತು," ಎಂದ. ದನಿಯಲ್ಲಿ ಬಿರುಸಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಅಂಟಿಸೋದು ನನ್ನ ಕೆಲಸ ಅಮ್ಮ. ಎತ್ತಿದ್ದು ಹೇಳೋದು ಎತ್ತಿದವರ ಕೆಲಸ. ಎಷ್ಟು ಎತ್ತಿದ್ರಿ?"

"ಒಂದ್ ಹತ್ತು, ಹನ್ನೆರಡು," ಎಂದಳು ಅವಳು. ಟೇಪಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ನಲ್ಲಿ ತಿರುಗಿಸಿದ.

ಮೆಟ್ಟಿಲು ಹತ್ತುವಾಗ ಒಂದು ದಾರಿ ಹೊಳೆಯಿತು, ಹೊಳೆದ ಕೂಡಲೇ ಕಾಲಿಗೆ ಬಲ ಬಂತು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಸ್ಲೈಡುಗಳು ಇನ್ನೂ ಇವೆ. ತಾನೇ ಮತ್ತೆ ಎಣಿಸುವುದು, ಈ ಸಲ ಪ್ರಾಮಾಣಿಕವಾಗಿ. ಆಮೇಲೆ ಮೇಡಂ ಮುಂದೆ ಹೋಗಿ, ಏರುಪೇರು ಜಾಸ್ತಿ ಅನ್ನಿಸಿತು, ಅದಕ್ಕೆ ಇನ್ನೊಂದು ಸಲ ಎಣಿಸಿದೆ ಎನ್ನುವುದು. ಅದರಿಂದ ಇನ್ನೂ ಮೆಚ್ಚುಗೆಯೇ ಸಿಕ್ಕೀತು. ಲ್ಯಾಬಿನಲ್ಲಿ ಮೀನಿನ ತೊಟ್ಟಿಯ ಪಂಪು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕ ಸ್ಲೈಡು ಇಟ್ಟು ಕಣ್ಣು ಹಚ್ಚಿದಳು. ನೇರಳೆ ಬಣ್ಣದ ಆ ಬಾಗಿದ ಪಟ್ಟೆ ಅವಳಿಗೆ ತನ್ನ ಬೀದಿಯಷ್ಟೇ ಪರಿಚಯ. ಮೊದಲ ಚೌಕ. ಹಳೆಯ ಹಾಳೆಯಲ್ಲಿ ಇಪ್ಪತ್ತಾರು ಎಂದು ಬರೆದಿತ್ತು. ಎಣಿಸಿದಳು. ಹದಿನೇಳು ಬಂತು. ಅನುಮಾನದವೆಲ್ಲ ಮುದುಡಿದ್ದವು. ಅವು ಮುದುಡಿರುವುದು ನಿಚ್ಚಳವಾಗಿ ಕಾಣುತ್ತಿತ್ತು, ಇವನ್ನು ಬದುಕಿವೆ ಎಂದು ಹೇಗಾದರೂ ಅಂದುಕೊಂಡೆ ಎಂದು ಆಶ್ಚರ್ಯವಾಗುವಷ್ಟು. ನಾಲ್ಕನೇ ಇಲಿ, ಬರೀ ನೀರು ಕುಡಿದದ್ದು ಎಂದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಹೀಗೆ ಕಾಣುತ್ತಿದೆಯೇ? ಚೌಕದ ಮೊದಲಿಗೆ ಸರಿದು, ಬೇಕೆಂದೇ ಕೈಬಿಚ್ಚಿ ಎಣಿಸಿದಳು. ಇಪ್ಪತ್ತನಾಲ್ಕು. ಆಗ ಅವೇ ಕೋಶಗಳು ದುಂಡಗಿದ್ದವು. ಕಣ್ಣುಜ್ಜಿಕೊಂಡು, ಅಪ್ಪನ ಹಾಗೆ ಕೆಳಗಿನ ಬಲಮೂಲೆಯಿಂದ ಹಿಂದಕ್ಕೆ ಎಣಿಸಿದಳು. ಹತ್ತೊಂಬತ್ತು. ಮತ್ತೆ. ಇಪ್ಪತ್ತೆರಡು. ಗ ಇಟ್ಟಳು, ಇದು ಹತ್ತೊಂಬತ್ತನೇ ಇಲಿ, ರಸ ಕುಡಿದದ್ದು. ಅಂದು ಹದಿಮೂರು ಇದ್ದ ಚೌಕದಲ್ಲಿ ಈಗ ಇಪ್ಪತ್ತೊಂದು ಬದುಕಿದ್ದವು. ಅವಳು ಕೇಳಿದಷ್ಟನ್ನು ಆ ಗಾಜು ಕೊಡುತ್ತಿತ್ತು. ಕ್ಲಿಕ್ಕರನ್ನು ಸೊನ್ನೆಗೆ ತಂದು ಮೇಜಿನ ಮೇಲಿಟ್ಟಳು. ಅವಳಿಗೆ ಭಯವಾಯಿತು. ಲಕೋಟೆಯ ಭಯವಲ್ಲ, ಮೇಡಂ ಭಯವೂ ಅಲ್ಲ. ಈ ಎರಡು ಕಣ್ಣಿನಿಂದ ತಾನು ಇದುವರೆಗೆ ನೋಡಿದ್ದರಲ್ಲಿ ಯಾವುದು ಹೊರಗಿತ್ತು, ಯಾವುದು ತನ್ನೊಳಗಿತ್ತು ಎಂದು ಇನ್ನು ಯಾರನ್ನು ಕೇಳುವುದು? ಅಪ್ಪ ತನ್ನನ್ನು ನೋಡಿ ಅಕ್ಕ ಎಂದಾಗ ಅವರಿಗೆ ಅಕ್ಕನೇ ಕಾಣುತ್ತಿದ್ದಳು, ಅವರೇನೂ ಸುಳ್ಳು ಹೇಳುತ್ತಿರಲಿಲ್ಲ.

ಬೇರಿನಲ್ಲಿ ಏನಾದರೂ ಇದೆಯೋ ಇಲ್ಲವೋ ಈಗ ಯಾರಿಗೂ ಗೊತ್ತಿಲ್ಲ. ಇದೆ ಎಂದು ತೋರಿಸಲು ಹೊರಟವಳು ಇಲ್ಲ ಎಂದು ಮಾಡಿಟ್ಟಿದ್ದಳು. ಇಪ್ಪತ್ತು ಇಲಿಗಳನ್ನು ಕೊಂದದ್ದು ಇದಕ್ಕೆ. ಸೋಮವಾರ ಸ್ಲೈಡುಗಳು ಕಸಕ್ಕೆ ಹೋಗುತ್ತವೆ, ಮೇಡಂ ಬೇರೆ ಗಿಡ ಹುಡುಕುತ್ತಾರೆ, ಅಮ್ಮ ಕ್ಯಾಲೆಂಡರಿನ ಹಾಳೆ ಹರಿಯುತ್ತಾಳೆ, ಪ್ರಾಮಾಣಿಕಳು ಎಂದು ಅವಳ ಹೆಸರು ಈ ನಾಲ್ಕು ಗೋಡೆಯ ನಡುವೆ ಉಳಿಯುತ್ತದೆ. ಈ ಸ್ಲೈಡುಗಳನ್ನು ಬೇರೆ ಯಾರಾದರೂ ಎಣಿಸಬಹುದು, ಮೀನಿನವನು, ನೊಣದವಳು, ಇಲಿಯನ್ನೇ ಕಾಣದ ಯಾರಾದರೂ, ಹೊಸ ಟೇಪು, ಹೊಸ ಅಕ್ಷರ. ಅವಳೊಬ್ಬಳು ಮಾತ್ರ ಇನ್ನೆಂದಿಗೂ ಎಣಿಸುವಂತಿಲ್ಲ. ಬೇರೆಯವರು ಯಾಕೆ ಎಣಿಸಬೇಕು ಎಂದು ಮೇಡಂ ಕೇಳುತ್ತಾರೆ. ಅದಕ್ಕೆ ಇರುವುದು ಒಂದೇ ಉತ್ತರ. ಬೇರೆ ಉತ್ತರ ಸಿಕ್ಕೀತೆಂದು ಅವಳು ಸುಮಾರು ಹೊತ್ತು ಸ್ಟೂಲಿನ ಮೇಲೆ ಕೂತೇ ಇದ್ದಳು, ತೊಟ್ಟಿಯ ಮೀನುಗಳು ಗಾಜಿಗೆ ಮೂಗು ತಾಗಿಸಿ ತಿರುಗಿ ಹೋಗುವುದನ್ನು ನೋಡುತ್ತ. ಬಿಸಿಲು ಮೇಜಿನಿಂದ ನೆಲಕ್ಕೆ ಇಳಿದಿತ್ತು. ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದಳು.

ಮೇಡಂ ಏನೋ ಟೈಪ್ ಮಾಡುತ್ತಿದ್ದರು. ತಲೆ ಎತ್ತದೆ, "ಬಾ, ಕೂತ್ಕೋ. ನಿನ್ನ ವಿಷಯಾನೇ ಬರೀತಿದೀನಿ," ಎಂದರು. "ಬೇರಿನ ಕೆಲಸ ಇಲ್ಲಿಗೆ ನಿಲ್ಲಿಸ್ತಿದೀವಿ ಅಂತ ಕಮಿಟಿಗೆ ತಿಳಿಸ್ಬೇಕಲ್ಲ."

"ಕಳಿಸ್ಬೇಡಿ ಮೇಡಂ."

"ಯಾಕೆ?"

"ಈ ಸ್ಲೈಡು ಬೇರೆ ಯಾರಾದ್ರೂ ಎಣಿಸ್ಬೇಕು. ನನ್ನ ಎಣಿಕೆ ನಂಬೋ ಹಾಗಿಲ್ಲ. ಟೇಪಣ್ಣನ ಪಟ್ಟಿ ಸರಿಯಾಗೇ ಇದೆ, ಅವರದೇನೂ ತಪ್ಪಿಲ್ಲ." ಬಾಗಿದ ಸೂಜಿ ಒಳಗೆ ಇಳಿಯುವಾಗ ಇಲಿ ಒಂದು ಸಲ ನುಂಗುತ್ತದೆ, ಹಾಗೆ ನುಂಗಿದಳು. "ಎಣಿಸೋವಾಗ ನಾನು ಟೇಪು ಎತ್ತಿ ನೋಡಿದ್ದೆ."

ಮೇಡಂ ಕೈ ಕೀಲಿಮಣೆಯಿಂದ ಮೇಲೆದ್ದು ಹಾಗೇ ನಿಂತಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಸೀಳಿದ ಲಕೋಟೆ ಇನ್ನೂ ಅಲ್ಲೇ ಬಿದ್ದಿತ್ತು, ಸಹಿಯ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಅವಳನ್ನು ಅವರು ಮೊದಲ ಸಲ ಕಾಣುತ್ತಿರುವಂತೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು?" ಎಂದು ಕೇಳಿದರು.

ಒಂದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆ ನಾಲ್ಕೈದು, ಅದರ ಹಿಂದೆ ಹತ್ತು ಹನ್ನೆರಡು, ಎಲ್ಲ ಸಾಲಾಗಿ ನಿಂತಿದ್ದವು. ಡಬ್ಬಿಯೊಳಗೆ ಸ್ಲೈಡುಗಳು ಅವಳ ಕೈಯ ನಡುಕಕ್ಕೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವಳು ಉಸಿರು ಬಿಟ್ಟಳು.

"ಇಪ್ಪತ್ತೂ, ಮೇಡಂ."